ಚಾರ್ಜು ಒಪ್ಪಿಸುವಾಗ

ತಗೋ ರೇವತಿ, ಮೂರು ಬಣ್ಣದ ಟಾರ್ಚು,
ಹಿಡಿ ಸವೆದ ಸುತ್ತಿಗೆ, ಡಬ್ಬಿಯಲ್ಲಿ ಹತ್ತು ಪಟಾಕಿ,
ನಾನೆಲ್ಲಿ ನಿಂತೆನೆಂದು ಮೇಲಿನವರಿಗೆ
ಚಾಡಿ ಹೇಳುವ ಈ ಜಿಪಿಎಸ್ ಪೆಟ್ಟಿಗೆ.
ರಿಜಿಸ್ಟರಿನಲ್ಲಿ ಇರುವುದು ಇಷ್ಟೇ.
ಉಳಿದದ್ದಕ್ಕೆ ಕಾಲಂ ಇಲ್ಲ, ಬಾಯಲ್ಲೇ ಹೇಳುತ್ತೇನೆ.

ಅರಸೀಕೆರೆ ಬಿಟ್ಟು ಬಾಣಾವರದ ಕಡೆ ಮುಖ ಮಾಡು.
ಸ್ಟೇಷನ್ನಿನ ದೀಪ ಬೆನ್ನ ಹಿಂದೆ ಮಾಸುವ ತನಕ
ತಲೆ ಎತ್ತಬೇಡ, ಏನೂ ಕಾಣದು.
ಕಣ್ಣು ಕತ್ತಲಿಗೆ ಪಳಗಲು
ನಾಲ್ಕು ಗೂಡ್ಸು ದಾಟುವಷ್ಟು ಹೊತ್ತು ಬೇಕು.
ಆಮೇಲೆ ಬಲಕ್ಕೆ ಓರೆಯಾಗಿ ತೋಳು ಚಾಚು:
ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು.
ಅಲ್ಲಿ ಧ್ರುವ. ಕಥೆಯಲ್ಲಿ ಎಲ್ಲರಿಗಿಂತ ಮೇಲಿನವನು,
ನಮ್ಮೂರಲ್ಲಿ ತೆಂಗಿನ ಗರಿಯ ಹಿಂದೆ ಅವಿತವನು.

ಡಿಸೆಂಬರಿನ ಚಳಿಗೆ ಹಳಿ ಕುಗ್ಗುತ್ತದೆ,
ಬೆಸುಗೆ ಬಿಡುತ್ತದೆ. ಅದಕ್ಕೇ ಆ ಪಾಳಿ.
ಹದಿಮೂರು ಕಳೆದ ನಡುರಾತ್ರಿ, ಎರಡರ ಸುಮಾರಿಗೆ,
ಪುನರ್ವಸುವಿನ ಜೋಡಿ ನೆತ್ತಿಯ ಹತ್ತಿರ ಬಂದಾಗ
ಉಲ್ಕೆ ಬೀಳುತ್ತವೆ, ಯಾರೋ ಬೀಡಿ ಎಸೆದ ಹಾಗೆ.
ಒಂದು ವರ್ಷ ಕಿಲೋಮೀಟರಿಗೆ ಹನ್ನೊಂದು ಎಣಿಸಿದೆ.
ಎಣಿಸುತ್ತ ಎಣಿಸುತ್ತ ಬಿರುಕೊಂದನ್ನು ದಾಟಿಬಿಟ್ಟೆ.
ಬೂಟಿಗೆ ತಾಗಿದ್ದು ನೂರು ಹೆಜ್ಜೆ ಆದಮೇಲೆ
ತಲೆಗೆ ಮುಟ್ಟಿತು. ಓಡಿದೆ,
ಪಟಾಕಿ ಕಟ್ಟಿದೆ, ಕೆಂಪು ಹಿಡಿದೆ, ಗಾಡಿ ನಿಂತಿತು.
ಹುಬ್ಬಳ್ಳಿಗೆ ಹೋಗುವವರೆಲ್ಲ ಮಲಗೇ ಇದ್ದರು.
ಮೈಸೂರಿಗೆ ಕರೆಸಿ ಶಾಲು ಹೊದಿಸಿದರು;
ಉಲ್ಕೆಯ ವಿಷಯ ನಾನು ಎತ್ತಲಿಲ್ಲ.
ನಿನಗೆ ಮಾತ್ರ ಹೇಳಿದ್ದು: ಮೊದಲು ಹಳಿ, ಆಮೇಲೆ ಆಕಾಶ.

ಫೆಬ್ರವರಿಯ ಒಂಬತ್ತು ಗಂಟೆಗೆ ದಕ್ಷಿಣದಲ್ಲಿ ಅಗಸ್ತ್ಯ.
ಕುಳ್ಳ ಮುನಿ, ಹೆಚ್ಚು ಮೇಲೇರುವುದಿಲ್ಲ.
ಸಂಜೆ ಹೊತ್ತು ಅಲುಗದೆ, ಮಿನುಗದೆ, ಸರಸರ ಸಾಗುವುದು
ನಕ್ಷತ್ರವಲ್ಲ, ಒಳಗೆ ಜನ ಇರುವ ಗಾಡಿ.
ಅದಕ್ಕೆ ಹಸಿರು ತೋರಿಸಿದ್ದೇನೆ, ಎರಡು ಸಲ.

ಬೇಸಿಗೆಯಲ್ಲಿ ಪಾಳಿ ಹಗಲಿಗೆ ತಿರುಗುತ್ತದೆ,
ಕಾದ ಹಳಿ ಹಾವಾಗದಂತೆ ಕಾಯಬೇಕು.
ಏಪ್ರಿಲ್ ಇಪ್ಪತ್ತನಾಲ್ಕೋ ಐದೋ, ಹನ್ನೆರಡು ಇಪ್ಪತ್ಮೂರಕ್ಕೆ
ಕಿಲೋಮೀಟರ್ ಕಲ್ಲಿನ ಪಕ್ಕ ನೆಟ್ಟಗೆ ನಿಲ್ಲು.
ನೆರಳು ಕಾಲಡಿಗೆ ಸರಿದು ಮುಗಿದುಹೋಗುತ್ತದೆ.
ಒಂದು ನಿಮಿಷ ನೀನು ಯಾವ ಗ್ಯಾಂಗಿಗೂ ಸೇರಿದವಳಲ್ಲ.

ಮೇ ಮೊದಲ ವಾರ, ಊಟದ ಹೊತ್ತಿಗೆ,
ಎಡ ಭುಜದ ಹಿಂದೆ ತಿರುಗಿ ನೋಡು, ತ್ರಿಶಂಕು.
ಮೇಲಿನವರು ಸೇರಿಸಲಿಲ್ಲ, ಕೆಳಗೆ ಇಳಿಯಲಾಗಲಿಲ್ಲ,
ಔಟರ್ ಸಿಗ್ನಲ್ಲಿನಲ್ಲಿ ನಿಂತೇ ಇದ್ದಾನೆ.

ಆಮೇಲೆ ನಕ್ಷತ್ರ ಕಾಣುವುದಿಲ್ಲ, ಸುರಿಯುತ್ತವೆ.
ಜನವರಿಯಲ್ಲಿ ಬೇಟೆಗಾರನ ಹೆಗಲ ಮೇಲೆ ಕೆಂಪಗಿತ್ತಲ್ಲ,
ಆ ಆರಿದ್ರೆಯೇ ಜೂನಿನಲ್ಲಿ ನಿನ್ನ ಕತ್ತಿನೊಳಗೆ ಇಳಿಯುವುದು.
ಪುಷ್ಯ, ಆಶ್ಲೇಷ, ಮಖೆ,
ಒಂದೊಂದಕ್ಕೂ ಒಂದೊಂದು ತೂಕ, ಒಂದೊಂದು ಸದ್ದು.
ಆಗಸ್ಟ್ ಹನ್ನೆರಡಕ್ಕೆ ಮೇಲೆ ಉಲ್ಕೆಗಳ ಹಬ್ಬವಂತೆ;
ನನಗೆ ಕಂಡದ್ದು ರೈನ್‌ಕೋಟಿನ ಒಳಭಾಗ.

ಗ್ರಹಣದ ರಾತ್ರಿ ಬುತ್ತಿ ಬಿಚ್ಚಬೇಡವೆಂದು
ತಾಂಡಾದಿಂದ ನನ್ನವಳು ಫೋನು ಮಾಡುತ್ತಿದ್ದಳು.
ಚಂದ್ರ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದ,
ನಾನು ಸೇತುವೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ.
ಇಬ್ಬರಿಗೂ ಏನೂ ಆಗಲಿಲ್ಲ.

ನಿನ್ನ ಹೆಸರಿನದು ಯಾವುದು ಅಂತ ಕೇಳಿದೆಯಲ್ಲ?
ಇದೆ. ಮೀನದ ದಾರದಲ್ಲಿ, ತೀರಾ ಮಂಕು.
ನವೆಂಬರಿನ ಅಮಾವಾಸ್ಯೆ, ಮೋಡವಿಲ್ಲದ ರಾತ್ರಿ,
ಎಳೆಯ ಕಣ್ಣು, ಇಷ್ಟು ಕೂಡಿದರೆ ಸಿಕ್ಕೀತು.
ಮೂವತ್ತೊಂದು ವರ್ಷ ಹುಡುಕಿದ್ದೇನೆ ಎಂದು
ಸುಳ್ಳು ಹೇಳಲಾರೆ, ಹೆಸರಿಲ್ಲದೆ ಯಾರು ಹುಡುಕುತ್ತಾರೆ?
ಈಗ ಹುಡುಕೋಣವೆಂದರೆ ಎರಡೂ ಕಣ್ಣಿಗೆ ಪೊರೆ.
ಕಂಡ ದಿನ ಫೋನು ಮಾಡು.
ಎಷ್ಟೇ ಹೊತ್ತಾಗಿರಲಿ, ಈರಾನಾಯ್ಕ ಎದ್ದೇ ಇರುತ್ತಾನೆ,
ರಾತ್ರಿ ನಿದ್ದೆ ಮಾಡುವುದನ್ನು ಇನ್ನು ಕಲಿಯಬೇಕು.

ಅಲ್ಲಿ ಅಲ್ಲ, ಕೆಳಗೆ. ಈ ಗೆರೆಯ ಮೇಲೆ ಹಾಕು ಸಹಿ.