ಟಿಪ್ಪಣಿ ಮೂವತ್ತೇಳು

ಖಲಂದರ್ ರದ್ದಿ ತಂದ, ಕಿಲೋಗೆ ಹದಿನೆಂಟು.
ಅದರೊಳಗೊಂದು ದಪ್ಪ ಪುಸ್ತಕ, ಜಾರುವ ಕಾಗದ,
ಪೊಟ್ಟಣಕ್ಕೆ ಬಾರದು, ಮಡಿಚಿದರೆ ಬಿಚ್ಚಿಕೊಳ್ಳುತ್ತದೆ.
ಸವಳಂಗ ರಸ್ತೆಯಲ್ಲಿ ಗಾಜಿನ ಗೋಡೆ ಎಬ್ಬಿಸಿ
ಉಪ್ಪಿನಿಂದ ಟೀವಿಯವರೆಗೆ ಮಾರುವ
ಅದೇ ಕಂಪನಿಯ ವಾರ್ಷಿಕ ವರದಿ.

ಮಧ್ಯಾಹ್ನ ಮೂರು. ಗಾಂಧಿ ಬಜಾರಿಗೆ ತೂಕಡಿಕೆ.
ತಕ್ಕಡಿಯಲ್ಲಿಟ್ಟು ನೋಡಿದೆ: ಒಂಬೈನೂರ ಹತ್ತು ಗ್ರಾಂ.
ಓದತೊಡಗಿದೆ, ಕೊನೆಯಿಂದ.
ಲೆಕ್ಕ ಬರೆದವನಿಗೆ ಗೊತ್ತು,
ನಗುವ ಫೋಟೊಗಳೆಲ್ಲ ಮುಂದಿನ ಹಾಳೆಯಲ್ಲಿ,
ನಿಜ ಹಿಂದಿನ ಓಣಿಯಲ್ಲಿ, ಸಣ್ಣಕ್ಷರದ ಬಾಡಿಗೆಮನೆಯಲ್ಲಿ.

ಟಿಪ್ಪಣಿ ಮೂವತ್ತೇಳು, ಇತರೆ ವೆಚ್ಚ.
ಕರೆಂಟು. ಕಾವಲು. ಇಲಿ ಹಿಡಿಸಿದ್ದು.
ಅದರ ಕೆಳಗೆ ದೆಹಲಿಯ ಹೆಸರಿನಲ್ಲೊಂದು ಉದ್ದ ಇಂಗ್ಲಿಷ್ ಸಾಲು,
ನಮ್ಮ ಭಾಷೆಗೆ ಇಳಿಸಿಕೊಂಡರೆ ಇಷ್ಟೇ:
ಮಾತಾಡಿದ ಖರ್ಚು.
ನಲವತ್ತೊಂದು ಕೋಟಿ ಅರವತ್ತು ಲಕ್ಷ.
ಹೋದ ವರ್ಷ ಹತ್ತೊಂಬತ್ತು.

ನಾವೂ ಮಾತಾಡಿದ್ದೇವೆ.
ವರ್ತಕರ ಸಂಘಕ್ಕೆ ಹನ್ನೊಂದು ವರ್ಷದಿಂದ ನಾನೇ ಖಜಾಂಚಿ,
ಒಡೆದ ಚರಂಡಿ ಚಪ್ಪಡಿ ನನ್ನ ಅಂಗಡಿಯ ಮುಂದಿನದೇ
(ಅದನ್ನೂ ಮುಚ್ಚಿಡುವುದಿಲ್ಲ).
ಶಾಲು ಒಂದು, ಮುನ್ನೂರಿಪ್ಪತ್ತು.
ಗಂಧದ ಹಾರ ನೂರೆಂಬತ್ತು.
ಆಟೋ, ಹೋಗಿ ಬಂದದ್ದು, ನೂರು.
ಕಾಫಿ ಐದು ಜನಕ್ಕೆ ಆರು ಲೋಟ, ಜವಾನ ಸೇರಿ.

ಸಾಹೇಬರು ಮೀಟಿಂಗಿನಲ್ಲಿದ್ದರು. ಶಾಲು ವಾಪಸ್ ಬಂತು.
ಶ್ರಾವಣದಲ್ಲಿ ಅದನ್ನೇ ಇನ್ನೊಬ್ಬರಿಗೆ ಒಯ್ದೆವು,
ಹಿಂದಿನ ದಿನವೇ ಅವರಿಗೆ ವರ್ಗವಾಗಿತ್ತು.
ಮೂರನೆಯವರು ನಗುನಗುತ್ತ ಹೊದ್ದರು,
ಫೋಟೊ ಮುಗಿದ ಮೇಲೆ ಮಡಿಚಿ
ನಮ್ಮ ಅಧ್ಯಕ್ಷರ ಹೆಗಲಿಗೇ ಹಾಕಿ ಕಳಿಸಿದರು.

ಆಡಿಟರ್ ಉಡುಪರು ಕನ್ನಡಕ ಏರಿಸಿದರು:
‘ಶಾಲಿಗೆ ವೋಚರ್ ಎಲ್ಲಿ? ಏನಂತ ಬರೀಲಿ ಇದನ್ನ?’
‘ಮರ್ಯಾದೆ ಖರ್ಚು’ ಅಂದೆ.
‘ಅಂಥ ತಲೆಬರಹ ಇಲ್ಲ.’
ಕೆಂಪು ಗೀರು.

ದೆಹಲಿಯಲ್ಲಿ ಯಾರೂ ಚೀಲ ಹೊತ್ತು ಹೋಗಿರಲಾರರು.
ದೂಳಿಲ್ಲದ ಬೂಟಿನ ಯಾರೋ ಒಬ್ಬ,
ಯಾವ ಕಡತದಲ್ಲಿ ಯಾವ ಅಲ್ಪವಿರಾಮ
ಎಲ್ಲಿ ಕೂತಿದೆಯೆಂದು ಬಲ್ಲವನು,
ಮೆಲ್ಲಗೆ, ಬಹಳ ಮರ್ಯಾದೆಯಿಂದ,
‘ಇದನ್ನು ಸ್ವಲ್ಪ ಆಚೆ ಸರಿಸಬಹುದಲ್ಲವೇ’ ಅಂದಿರಬೇಕು.

ಅದು ಸರಿದ ಸದ್ದು ಇಲ್ಲಿಗೆ ಬಂದದ್ದು
ನಾಲ್ಕು ತಿಂಗಳ ಮೇಲೆ, ಸುತ್ತೋಲೆಯಾಗಿ:
ಬಿಡಿ ಮಾರುವ ಸಾಮಾನಿಗೆಲ್ಲ ಏಪ್ರಿಲ್‌ನಿಂದ ಅಚ್ಚಾದ ಚೀಟಿ,
ತಾರೀಕು, ತೂಕ, ಕಟ್ಟಿದವರ ವಿಳಾಸ.
ಚೀಟಿ ಒತ್ತುವ ಯಂತ್ರಕ್ಕೆ ಎಂಬತ್ತಾರು ಸಾವಿರ.
ಗಾಜಿನ ಗೋಡೆಯವರ ಹತ್ತಿರ ಮೊದಲೇ ಇದೆ,
ಸುತ್ತೋಲೆ ಹುಟ್ಟುವ ಮುಂಚೆಯೇ ತೊಟ್ಟಿಲು ತಂದವರು.

‘ಹತ್ ರೂಪಾಯಿ ಜೀರಿಗೆ ಕೊಡಪ್ಪ.’
ಗಾಜನೂರಿನ ಸಾಕಮ್ಮ, ಮೂರೂವರೆ ಬಸ್ಸಿನವಳು.
ಹಟಕ್ಕೆ ಬಿದ್ದು ಟಿಪ್ಪಣಿ ಮೂವತ್ತೇಳನ್ನೇ ಹರಿದೆ,
ಕೋನ ಸುತ್ತಿದೆ, ದಾರ ಎರಡು ಸುತ್ತು ಬಿಗಿದೆ.
‘ಕೊಸರು?’ ಅಂದಳು.
ಮತ್ತೆ ಬಿಚ್ಚಿ, ಮೂರು ಬೆರಳಿಗೆ ಸಿಕ್ಕಷ್ಟು ಹಾಕಿದೆ.
ಕೊಸರಿಗೂ ನಮ್ಮಲ್ಲಿ ತಲೆಬರಹ ಇಲ್ಲ,
ಅಜ್ಜನ ಕಾಲದಿಂದ ಯಾರೂ ಬರೆದಿಟ್ಟಿಲ್ಲ.

ಮೆಟ್ಟಿಲಿಳಿಯುವಷ್ಟರಲ್ಲಿ ಪೊಟ್ಟಣ ಬಿಚ್ಚಿತು.
ನಲವತ್ತೊಂದು ಕೋಟಿ ಗಾಳಿಗೆ ಹಾರಿ ಕೂತಿತು
ಎದುರಿನ ಪಾತ್ರೆ ಅಂಗಡಿಯ ಕೊಡದ ಮೇಲೆ.
ಜೀರಿಗೆ ಕಾಳು ಕಾಳಾಗಿ
ಚಪ್ಪಡಿಯ ಬಿರುಕಿನೊಳಗೆ.

‘ಈ ನುಣುಪು ಕಾಗದ ಬ್ಯಾಡ ಮಾರಾಯ,
ಹಳೇದ್ರಲ್ಲೇ ಕಟ್ಟು.’

ಇನ್ನೊಮ್ಮೆ ತೂಗಿದೆ, ದುಡ್ಡು ಕೇಳಲಿಲ್ಲ.
ಯಾವುದೋ ಮಗುವಿನ ಮಗ್ಗಿ ಪುಸ್ತಕ, ಏಳರ ಹಾಳೆ,
ಏಳೆಂಟಲ ಐವತ್ತೇಳು ಎಂದು ತಪ್ಪು ಬರೆದದ್ದು.

ನಿಂತಿತು.