ಮೊಣಕಾಲು ಚಿಪ್ಪು

ಬೆಳಗಿನ ಮೊದಲ ಕೆಲಸ ಗುಡಿಸುವುದು.
ರಾತ್ರಿಯಿಡೀ ಗಾಳಿ ತಂದು ಸುರಿದ ಮರಳನ್ನು
ಹದಿನೆಂಟು ಮೀಟರು ಬೆನ್ನಿನ ಮೇಲಿಂದ
ಕುಂಚದಲ್ಲಿ, ಮಲಗಿದ ಮಗುವಿನ ನೊಣ ಓಡಿಸುವಷ್ಟು ಮೆಲ್ಲಗೆ.
ಫಯೂಮಿನಿಂದ ಮೊದಲ ಜೀಪು ಬರುವುದು ಹತ್ತಕ್ಕೆ.
ಅಲ್ಲಿಯವರೆಗೆ ನಾನು, ಮಸಿ ಹಿಡಿದ ಚಹಾ ಕೆಟಲು,
ಮತ್ತು ಈ ತಿಮಿಂಗಿಲ.

ಮಬ್ರೂಕನ ಸಮುದ್ರ, ಎಂದು ನಗುತ್ತಾರೆ ಊರಲ್ಲಿ.
ನಿಜವಾದದ್ದನ್ನು ನೋಡಿದ್ದು ಒಮ್ಮೆ,
ಅಲೆಕ್ಸಾಂಡ್ರಿಯಾಕ್ಕೆ ಮದುವೆಗೆ ಹೋದಾಗ.
ವಾಸನೆ ಹಿಡಿಸಲಿಲ್ಲ.

ಹೇಗೆ ಉಳಿಯಿತು, ಕೇಳುತ್ತಾರೆ ಬಂದವರು.
ಒಳ್ಳೆಯ ಜಾಗದಲ್ಲಿ ಸತ್ತಿತು, ಎನ್ನುತ್ತೇನೆ.
ಮುಳುಗಿತು. ಮೆತ್ತಗಿದ್ದದ್ದನ್ನೆಲ್ಲ ಮೀನು ತಿಂದವು.
ಮಿಕ್ಕದ್ದರ ಮೇಲೆ ಕೆಸರು ಕಂಬಳಿ ಎಳೆಯಿತು,
ಅವಸರದಲ್ಲಿ, ಶಾರ್ಕು ಮತ್ತೆ ಬರುವುದರೊಳಗೆ.
ಆಮೇಲೆ ಯಾರಿಗೂ ಅವಸರವಿಲ್ಲ:
ಎಲುಬಿನ ಸಣ್ಣ ಸಣ್ಣ ಕೋಣೆಗಳಿಗೆ ನೀರು ಇಳಿಯಿತು,
ಒಂದು ಕಣ ಹೊರಗೆ, ಒಂದು ಕಣ ಒಳಗೆ,
ಒಬ್ಬ ಬಾಡಿಗೆಯವನು ಬಿಟ್ಟ ಕೋಣೆಗೆ ಇನ್ನೊಬ್ಬ ಬಂದ ಹಾಗೆ.
ಕೊನೆಗೆ ಮನೆ ಹಳೆಯದು, ಇರುವವರೆಲ್ಲ ಕಲ್ಲು.
ಮೇಲಿನ ಸಮುದ್ರ ಎದ್ದು ಹೋದದ್ದು
ಅದಕ್ಕೆ ಗೊತ್ತೇ ಆಗಲಿಲ್ಲ.

ನಾಲಿಗೆಗೆ ಎಲುಬಿಲ್ಲವಲ್ಲ,
ಏನು ಕೂಗುತ್ತಿತ್ತೋ, ಯಾರನ್ನು ಕರೆಯುತ್ತಿತ್ತೋ,
ಅದೊಂದು ಕಲ್ಲಾಗಲಿಲ್ಲ.

ಬಾಲದ ಕಡೆಗೆ ಬನ್ನಿ. ಹಗ್ಗ ದಾಟಬೇಡಿ.
ಅಗೋ ಅಲ್ಲಿ, ಒಂದು ಮೊಳ ಇದ್ದೀತು,
ಕಾಲು.
ತೊಡೆ, ಕಣಕಾಲು, ಮೂರು ಬೆರಳು,
ನಡುವೆ ಖರ್ಜೂರದಷ್ಟೇ ದೊಡ್ಡ
ಮೊಣಕಾಲು ಚಿಪ್ಪು.

ನಡೆಯದವಳಿಗೆ ಮೊಣಕಾಲು ಯಾಕೆ, ಅಜ್ಜ?
ಮೊಮ್ಮಗಳು ಗಾಲಿಯಾ ಕೇಳಿದಾಗ
ಮನ್ಸೂರಾದಿಂದ ಬಂದಿದ್ದ ಓದಿದ ಹುಡುಗಿ
ಮರಳಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದಳು:
ಇವಳ ಅಜ್ಜಿಯ ಅಜ್ಜಿಯ ಅಜ್ಜಿ, ಇನ್ನೂ ಹಿಂದಕ್ಕೆ ಹೋಗು,
ದಡದಲ್ಲಿ ನಾಲ್ಕು ಕಾಲಲ್ಲಿ ನಡೆದವಳು.
ಮೀನಿಗೆಂದು ಪಾದ ಅದ್ದಿದಳು.
ಮಗಳು ಹೊಟ್ಟೆಯವರೆಗೆ.
ಮಗಳೆಂದರೆ ಮಗಳಲ್ಲ, ಹತ್ತು ಸಾವಿರ ಮಗಳಂದಿರು.
ಸೊಂಟ ಮೆಲ್ಲಗೆ ಬೆನ್ನೆಲುಬಿನ ಕೈ ಬಿಟ್ಟಿತು.
ಯಾವ ತಾಯಿಯೂ ತನ್ನ ಮರಿಯನ್ನು ಮೂಸಿ
ಇದು ನಮ್ಮ ಜಾತಿಯದಲ್ಲ ಅನ್ನಲಿಲ್ಲ.

ಈಗಲೂ ಇದೆಯಾ?
ಈಗಿನವುಗಳ ಒಳಗೆ, ಮಾಂಸದ ನಡುವೆ, ಒಂದು ಚೂರು ಸೊಂಟ.
ಹೊರಗೆ ಏನೂ ಕಾಣುವುದಿಲ್ಲ.

ಗಾಲಿಯಾ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು.

ದಿಬ್ಬದಾಚೆ ಜೀಪಿನ ಧೂಳು.
ಏಳಬೇಕು. ಕೈಯೂರಿ ಎದ್ದಾಗ
ನನ್ನ ಮೊಣಕಾಲು ಲಟಕ್ಕೆಂದಿತು,
ಹುಡುಗಿ ತಟ್ಟನೆ ತಿರುಗಿದಳು,
ನನ್ನ ಕಡೆಗಲ್ಲ, ಅದರ ಕಡೆಗೆ.