ಗಲ್ಲಾಪೆಟ್ಟಿಗೆಯ ಹಿಂದೆ

ನನ್ನಂಗಡಿಗೆ ಮೂರು ಗೋಡೆ, ಮೂರೂ ಡಬ್ಬಿ.
ಉಪ್ಪು ಹಾಕಿದ ದನದ ಮಾಂಸ, ಪಾಕದಲ್ಲಿ ಮುಳುಗಿದ ಪೀಚು,
ಬಿಸಿನೀರು ಸುರಿದರೆ ಎದ್ದು ಕೂರುವ ನೂಡಲ್ಸು.
ನಾಲ್ಕನೆಯದು ಸಮುದ್ರಕ್ಕೆ ತೆರೆದ ಬಾಗಿಲು.
ಮಂಗಳವಾರ ನುಕುಅಲೋಫಾದಿಂದ ಹಡಗು ಬಂದರೆ
ಲಿಫುಕಾ ದ್ವೀಪಕ್ಕೆಲ್ಲ ಒಟ್ಟಿಗೇ ಹಸಿವು.

ಇಪ್ಪತ್ತೆರಡು ವರ್ಷ ಮಾರಿದ್ದೇನೆ, ತಿಂದೂ ಇದ್ದೇನೆ.
ಊಟ ಬಲ್ಲವರಿಗೆ ರೋಗವಿಲ್ಲವಂತೆ;
ನಾನು ಊಟ ಮಾರಬಲ್ಲವಳು.

ಸಾವಿನ ಮನೆಗೆ ಡಬ್ಬಿಯ ಪೆಟ್ಟಿಗೆ ಹೊತ್ತೊಯ್ಯುತ್ತೇವೆ ಇಲ್ಲಿ.
ರಾಶಿ ಎಷ್ಟೆತ್ತರವೋ ಮರ್ಯಾದೆ ಅಷ್ಟೆತ್ತರ.
ನನ್ನಕ್ಕ ಕಲೋಲೈನೆ ಹೋದಾಗಲೂ ಬಂದವು:
ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಅವಳನ್ನೇ
ಯಾವುದು ಕೊಂಡೊಯ್ದಿತೋ ಅದೇ, ನಲವತ್ತು ಪೆಟ್ಟಿಗೆ.
ಮಿಕ್ಕಿದ್ದನ್ನು ಅಂಗಡಿಗೆ ತಂದು ಮತ್ತೆ ಮಾರಿದೆ.
ಇದನ್ನು ಹೇಳಬಾರದಿತ್ತು.
ಹೇಳಿಯಾಯಿತು.

ನರ್ಸು ಅನಸೇಯಿನಿ, ನಾನೆತ್ತಿ ಆಡಿಸಿದ ಕೂಸು,
ನನ್ನ ಬೆರಳು ಚುಚ್ಚಿ ನೀಲಿ ಕಾರ್ಡಿನಲ್ಲಿ ಅಂಕಿ ಬರೆದಳು,
ಅಡಿಗೆರೆ ಎಳೆದಳು, ಎರಡು ಸಲ.
ಬೈಯಲಿಲ್ಲ. ಪಟ್ಟಿ ಕೊಡಲಿಲ್ಲ.
"ಅತ್ತೆ, ನಿಮ್ಮಪ್ಪ ಏನು ತಿನ್ನುತ್ತಿದ್ದರು?" ಎಂದಳು, ಅಷ್ಟೆ.

ಏನು ತಿನ್ನುತ್ತಿದ್ದ?
ಮಣ್ಣು ಮೆತ್ತಿದ್ದನ್ನು. ಮುಳ್ಳಿದ್ದದ್ದನ್ನು.
ಹೆರೆ, ಸುಡು, ಸ್ವಲ್ಪ ತಾಳು ಎನ್ನುವುದನ್ನು.
ಹಸಿವಿಗೂ ಊಟಕ್ಕೂ ನಡುವೆ ಒಂದು ಕಾಲುದಾರಿಯಿತ್ತು ಆಗ,
ಅಪ್ಪ ದಿನಾ ನಡೆಯುತ್ತಿದ್ದ,
ಹೆಗಲ ಮೇಲೆ ಕೆಸುವಿನ ಗಡ್ಡೆಯ ಬುಟ್ಟಿ.

ಮೊದಲ ದಿನ ಮರದ ಬುಡದಲ್ಲಿ ಪೆಚ್ಚಾಗಿ ನಿಂತೆ.
ಯಾವ ದೀವಿಹಲಸು ಬಲಿತದ್ದು, ಯಾವುದು ಎಳಸು?
ಡಬ್ಬಿಯ ತಳದ ತಾರೀಕು ಕತ್ತಲಲ್ಲೂ ಓದಬಲ್ಲೆ,
ಕಾಯಿಯ ತಾರೀಕು ಎಲ್ಲಿ ಹೊಡೆದಿರುತ್ತಾರೆ?
ಬೇಲಿಯಾಚೆ ಲಿಸಿಯಾಟೆ ಅಜ್ಜ ಬಾಯಿ ತುಂಬ ನಕ್ಕ,
ಬಾಯಲ್ಲಿದ್ದದ್ದು ಮೂರೇ ಹಲ್ಲು:
"ಮೈಮೇಲೆ ಹಾಲು ಒಸರಿ ಕಂದಿದೆಯಲ್ಲ, ಅದೇ ಕಣವ್ವ ಮುದ್ರೆ."

ಕೆಂಡಕ್ಕೆ ಹಾಕಿದೆ. ಹೊರಗೆ ಇದ್ದಿಲು, ಒಳಗೆ ಹಸಿ.
ಎರಡನೆಯದು ಸೀದೇ ಹೋಯಿತು.
ಮೂರನೆಯದನ್ನು ಸೀಳಿದಾಗ
ಹಬೆಯೊಳಗೆ ಅಪ್ಪನ ಅಂಗೈ ವಾಸನೆ.
ಗಂಡ ಸೆಮಿಸಿ ಮೂಗು ಮುರಿದ: "ನಮಗೇನು ಬಡತನ ಬಂತೇ?"

ಅದಕ್ಕೇ ಗಲ್ಲಾಪೆಟ್ಟಿಗೆಯ ಹಿಂದೆ, ಬಗ್ಗಿ, ಕದ್ದು ತಿನ್ನುತ್ತೇನೆ:
ಸುಟ್ಟ ಕಾಯಿ, ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆ,
ನಿಂಬೆ ಹಿಂಡಿದ ಹಸಿ ಮೀನು.
ನನ್ನದೇ ಅಂಗಡಿಯಲ್ಲಿ ನಾನೇ ಕಳ್ಳಿ.
ಸುಳ್ಳೇಕೆ, ರಾತ್ರಿ ಹನ್ನೊಂದಕ್ಕೆ ಕೆಲವೊಮ್ಮೆ
ಬಿಸ್ಕತ್ತಿನ ಪೊಟ್ಟಣವೂ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಿನ್ನೆ ಪೌಲಿಯಾಸಿ ಬಂದ, ಏಳು ವರ್ಷದವನು,
ಮುಷ್ಟಿಯಲ್ಲಿ ಬೆವೆತ ನಾಣ್ಯ, ನೂಡಲ್ಸಿಗೆ.
ನೀರು ಕಾಯಲು ತಾಳ್ಮೆಯಿಲ್ಲ ಅವನಿಗೆ,
ಒಣಗಿದ್ದನ್ನೇ ಪುಡಿಮಾಡಿ ಮಸಾಲೆ ನೆಕ್ಕುವವನು.
ಮೂಗರಳಿಸಿದ. "ಏನದು?"
ಒಂದು ತುಂಡು ಕೊಟ್ಟೆ. ಉಫ್ ಉಫ್ ಎಂದು
ಈ ಕೆನ್ನೆಯಿಂದ ಆ ಕೆನ್ನೆಗೆ ಉರುಳಿಸಿ ನುಂಗಿದ.
"ಇದಕ್ಕೆಷ್ಟು?"

ಬೆಲೆ ಗೊತ್ತಿಲ್ಲದ ಸರಕು
ಮೊದಲ ಸಲ ನನ್ನಂಗಡಿಯಲ್ಲಿ.
ಬಾಯಿ ತೆರೆದೆ, ಮುಚ್ಚಿದೆ.
ಇನ್ನೊಂದು ತುಂಡು ತಿಂದ, ಬೆರಳು ಚೀಪಿದ,
ನೂಡಲ್ಸನ್ನೂ ಕೊಂಡೇ ಹೋದ, ಪುಣ್ಯಾತ್ಮ.

ಈ ಮಂಗಳವಾರದ ಹಡಗಿಗೆ
ಎರಡು ಪೆಟ್ಟಿಗೆ ಕಡಿಮೆ ಬರೆಸಿದೆ. ಎರಡೇ.
ಖಾಲಿಯಾದ ಹಲಗೆಯ ಮೇಲೆ
ಲಿಸಿಯಾಟೆ ಅಜ್ಜನ ಗೆಣಸು, ಕೆಸುವಿನ ಗಡ್ಡೆ.
ಹಳೆಯ ಡಬ್ಬಿಗಳ ತಲೆಯ ಮೇಲೆ
ಮಣ್ಣು ಉದುರುತ್ತದೆ.
ದಿನಾ ಗುಡಿಸುತ್ತೇನೆ,
ದಿನಾ ಉದುರುತ್ತದೆ.